ಬೀಗರ ಮುಂದೆ ಗಿಟಾರು

ಗಿಟಾರು ಹೆಗಲಿಗೇರಿಸಿಕೊಂಡು ನಾನು ವೇದಿಕೆಯ ಅಂಚಿಗೆ ಬಂದು ನಿಂತರೆ ಸಾಕು, ಎದುರಿಗೆ ಕೂತ ಜನ ತಾವಾಗಿಯೇ ಎದ್ದು ನಿಲ್ಲುತ್ತಾರೆ. ಈ ವಿಷಯದಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ತುರುವೇಕೆರೆಯ ಕಲ್ಯಾಣ ಮಂಟಪದಲ್ಲಿ ಜನ ಎದ್ದು ನಿಂತದ್ದೂ ನಿಜ. ಯಾಕೆ ಎದ್ದರು ಎಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ನಿವೇದಿಸಿಕೊಳ್ಳಬೇಕಾಗಿದೆ.

ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುವಾಗ ನಾವು ಕೆಲವು ಹುಡುಗಿಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಪಂಕ್ ರಾಕ್ ಬ್ಯಾಂಡ್! ಈ ಸಂಗೀತದ ದೊಡ್ಡ ಗುಣವೆಂದರೆ ಇದಕ್ಕೆ ಸಂಗೀತ ಬರಲೇಬೇಕೆಂಬ ಕಟ್ಟುಪಾಡಿಲ್ಲ. ತಂತಿಯ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಬೆರಳಿಡಲು ಬರಬೇಕು, ಹೊಟ್ಟೆಯಲ್ಲಿ ಸಿಟ್ಟಿರಬೇಕು, ಬಸ್ಸು ತಪ್ಪಿಹೋಗುತ್ತಿದೆ ಎಂಬಷ್ಟು ಅವಸರವಿರಬೇಕು. ಸಿಟ್ಟು, ಅವಸರ ಎರಡೂ ನನ್ನಲ್ಲಿ ಧಾರಾಳವಾಗಿದ್ದವು.

ಹಾಸ್ಟೆಲಿನಲ್ಲಿ ಬೆಳಗಾದರೆ ಉಪ್ಪಿಟ್ಟು. ಅದರ ವಿರುದ್ಧ ನಾನೊಂದು ಕ್ರಾಂತಿಗೀತೆ ಬರೆದೆ. ‘ಬೇಡ! ಬೇಡ! ಬೇಡವೇ ಬೇಡ!’ ಹಾಡೆಲ್ಲ ಇಷ್ಟೇ. ಉಪ್ಪಿಟ್ಟಿನ ಹೆಸರು ಬರುತ್ತಿದ್ದದ್ದು ಕಟ್ಟಕಡೆಯ ಸಾಲಿನಲ್ಲಿ.

ಒಂದು ಕಾಲನ್ನು ಸ್ಪೀಕರಿನ ಮೇಲಿಟ್ಟು, ಮುಂದಕ್ಕೆ ಬಾಗಿ, ಗುಂಪಿನಲ್ಲಿ ಯಾರಾದರೂ ಒಬ್ಬಳ ಮುಖ ಆರಿಸಿಕೊಂಡು, ಅವಳೊಬ್ಬಳಿಗೇ ಗುಟ್ಟು ಹೇಳುವಂತೆ ‘ಬೇಡ!’ ಎಂದು ಕೂಗುತ್ತಿದ್ದೆ. ಅವಳೂ ‘ಬೇಡ!’ ಎನ್ನುತ್ತಿದ್ದಳು. ಆಮೇಲೆ ಅವಳ ಪಕ್ಕದವಳು, ಹಿಂದಿನವಳು, ಕೊನೆಗೆ ಬಾಗಿಲಲ್ಲಿ ನಿಂತ ವಾರ್ಡನ್ ಒಬ್ಬರನ್ನು ಬಿಟ್ಟು ಎಲ್ಲರೂ. ಆ ಕೂಗು ತಿರುಗಿ ಬಂದು ಎದೆಗೆ ತಾಗಿದಾಗ ಕೂಗುತ್ತಿರುವುದು ನಾನೋ ಅವರೋ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ತಿಪಟೂರಿಗೆ ಬಂದೆ. ಗಂಡ ಶಿವಣ್ಣನವರದು ಕೊಬ್ಬರಿ ವ್ಯಾಪಾರ. ಒಳ್ಳೆಯ ಮನುಷ್ಯ. ಅತ್ತೆಯೂ ಒಳ್ಳೆಯವರು. ಯಾವುದಕ್ಕೂ ಕೊರತೆಯಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಜನ ಗುಂಪಾಗಿ ನಿಂತದ್ದು ಕಂಡರೆ ಈಗಲೂ ನನ್ನ ಬಲಗಾಲು ತಾನಾಗಿ ಮೇಲೇಳುತ್ತದೆ. ಇಡಲು ಸ್ಪೀಕರ್ ಇರುವುದಿಲ್ಲ. ಮೆಲ್ಲಗೆ ಇಳಿಸಿಕೊಂಡು, ಸೊಪ್ಪು ಕೊಂಡು ಮನೆಗೆ ಬರುತ್ತೇನೆ.

ಹೀಗಿರುವಾಗ ದಂಡಿನಶಿವರದಿಂದ ನಾದಿನಿ ಲತಾ ಫೋನ್ ಮಾಡಿದಳು. ಅವಳ ಮಗಳು ಕಾವ್ಯಳ ಮದುವೆ ಗೊತ್ತಾಗಿತ್ತು.

“ಅತ್ತಿಗೆ, ಆರತಕ್ಷತೆಗೆ ಆರ್ಕೆಸ್ಟ್ರಾ ಹೇಳಿದೀವಿ. ನೀವು ಕಾಲೇಜಲ್ಲಿ ಅದೇನೋ ಬಾರಿಸ್ತಿದ್ರಂತಲ್ಲ, ನೀವೂ ಒಂದು ಹಾಡು ಬಾರಿಸ್ಬುಡಿ. ಇಂಪಾಗಿರೋದು.”

ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಗಿಟಾರು ಅಟ್ಟದ ಮೇಲಿತ್ತು. ನಮ್ಮ ಕಡೆ ಅಟ್ಟವೆಂದರೆ ತೆಂಗಿನಕಾಯಿಯ ಸಾಮ್ರಾಜ್ಯ. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಗಿಟುಕಾಗುವ ತನಕ ಕಾಯಿಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಕ್ಕೀತು? ಎಲ್ಲಿ ನೋಡಿದರೂ ತಲೆಗಳು, ಒಂದೂ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ! ಹುಮ್ಮಸ್ಸು ಹೆಚ್ಚಿ, ಹಳೆಯ ದಿನಗಳಂತೆ ಒಂದು ನೆಗೆತ ನೆಗೆದೆ. ಸಭಿಕರು ಉರುಳತೊಡಗಿದರು. ಏಣಿಯ ಬಾಯಿಂದ ಒಬ್ಬರ ಹಿಂದೆ ಒಬ್ಬರು ನಡುಮನೆಗೆ ಧುಮುಕಿದರು.

ಕೆಳಗೆ ಅತ್ತೆ ಕೋಲು ಹಿಡಿದುಕೊಂಡು ಕೂಗಿದರು. “ಲೇ ಶಿವಣ್ಣಾ, ಓಡ್ ಬಾರ್ಲಾ! ಅಟ್ಟಕ್ಕೆ ಕೋತಿ ನುಗ್ಗವೆ!”

ನನ್ನ ಗಂಡ ಊಟದ ಎಂಜಲು ಕೈಯಲ್ಲೇ ಓಡಿ ಬಂದು ಏಣಿ ಹತ್ತಿ ಇಣುಕಿದರು. “ಕೋತಿ ಅಲ್ಲ ಕಣಮ್ಮ, ಗಿರಿಜ.”

“ಅಲ್ಲೇನ್ ಮಾಡ್ತವ್ಳೆ?”

“ಗಿಟಾರು ಬಾರಿಸ್ತಾವ್ಳೆ.”

“ಗಿಟುಕು ಕೇಳಿದೀನಿ. ಇದ್ಯಾವುದಪ್ಪ ಗಿಟಾರು?”

ಅವರು ಏಣಿಯ ಮೇಲಿಂದಲೇ ನನ್ನ ಕಡೆ ತಿರುಗಿ, “ಏನೇ ಇದು ಸಂಗೀತ?” ಎಂದರು.

“ಪಂಕ್ ಕಣ್ರೀ.”

“ಪಂಕ ಅಂದ್ರೆ ಕೆಸರಲ್ವೇನೇ?”

“ಕಮಲ ಅರಳೋದು ಕೆಸರಲ್ಲೇ. ನೋಡ್ತಾ ಇರಿ!”

ಎಂಥ ಆತ್ಮವಿಶ್ವಾಸ!

ಆರತಕ್ಷತೆಯ ಸಂಜೆ ಮಂಟಪ ಕಿಕ್ಕಿರಿದಿತ್ತು. ಗಂಡಿನ ಕಡೆಯವರು ಹಂದನಕೆರೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ಮುಹೂರ್ತ ಮರುದಿನ ಬೆಳಿಗ್ಗೆ. ವೇದಿಕೆಯ ನಡುವೆ ಮದುಮಕ್ಕಳು ನಗುನಗುತ್ತಾ ಉಡುಗೊರೆ ಇಸಕೊಳ್ಳುತ್ತಿದ್ದರು, ಒಂದು ಮಗ್ಗುಲಿಗೆ ಆರ್ಕೆಸ್ಟ್ರಾ. ಕೀಬೋರ್ಡಿನವನು ವಿನಯದಿಂದ ಕೇಳಿದ, “ಮೇಡಂ, ಶ್ರುತಿ ಯಾವ್ದು?”

“ಶ್ರುತಿ ಹಾಗಿರಲಿ, ಜೋರಾಗಿರಲಿ” ಎಂದೆ.

ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಂತಿಗಳ ಮೇಲೆ ಕೈ ಬೀಸಿದೆ. ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸೊಂದು ಕಿಟಾರನೆ ಕಿರುಚಿತು. ಸಭೆ ಸ್ಪಂದಿಸುತ್ತಿದೆ ಎಂದು ಸಂತೋಷವಾಯಿತು. ಈಗ ಒಂದು ಮುಖ ಬೇಕು. ಎರಡನೆಯ ಸಾಲಿನಲ್ಲಿ ಬಿಳಿ ಪಂಚೆ, ದಪ್ಪ ಮೀಸೆಯ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಕಣ್ಣಿಟ್ಟು, ಮುಂದಕ್ಕೆ ಬಾಗಿ ಕೂಗಿದೆ.

“ಬೇಡ!”

ಅವರು ಕಣ್ಣು ಪಿಳುಕಿಸಿದರು.

“ಬೇಡ! ಬೇಡ!”

ಅವರು ಪಕ್ಕದವರ ಮುಖ ನೋಡಿದರು. ನಾನು ಆವೇಶದಲ್ಲಿ ಗಿಟಾರನ್ನು ಬೀಸಿ ತಿರುಗಿಸಿದೆ. ಅದರ ಕತ್ತು ನೇರವಾಗಿ ಮದುಮಗನ ಕಡೆಗೇ ತೋರಿಸುತ್ತಾ ನಿಂತಿತು.

“ಬೇಡವೇ ಬೇಡ!”

ಮೀಸೆಯವರು ಎದ್ದು ನಿಂತರು. ಅವರ ಸಾಲಿನವರೂ ಎದ್ದರು. ಅವರ ಹಿಂದಿನ ಸಾಲು ಎದ್ದಿತು. ನೋಡನೋಡುತ್ತಿದ್ದಂತೆ ಅರ್ಧ ಮಂಟಪವೇ ಎದ್ದು ನಿಂತಿತ್ತು! ನನ್ನ ಕಣ್ಣು ತುಂಬಿ ಬಂತು. ಎಷ್ಟು ವರ್ಷ ಕಾದಿದ್ದೆ ಇದಕ್ಕೆ! ಬಲಗಾಲನ್ನು ಸ್ಪೀಕರಿನ ಮೇಲಿಟ್ಟೆ. ದೇವರ ಮೇಲೆ ಭಾರ ಹಾಕಿ ನೆಗೆದೆ. ವೈರು ನನ್ನಷ್ಟು ದೂರ ಬರಲಿಲ್ಲ. ಕಿತ್ತುಕೊಂಡು ಹಿಂದೆ ಉಳಿಯಿತು. ಗಿಟಾರು ಸತ್ತಿತು, ಡ್ರಮ್ಮಿನವನು ಗಾಬರಿಯಾಗಿ ಕೈ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ನನ್ನ ಗಂಟಲೊಂದೇ ‘ಬೇಡವೇ ಬೇಡ’ ಎಂದು ಮೊಳಗಿತು.

ಮೀಸೆಯವರು ವೇದಿಕೆಯ ಹತ್ತಿರಕ್ಕೆ ಬಂದರು. ಅವರು ಗಂಡಿನ ತಂದೆ ಎಂಬುದು ನನಗೆ ತಿಳಿದದ್ದು ಆಗ.

“ಏನ್ ತಾಯಿ, ನಮ್ಮ ಹುಡುಗ ಬೇಡ್ವಾ? ಬೇಡ ಅಂದ್ರೆ ಮನೆಗೆ ಬಂದು ಹೇಳ್ಬೇಕಾಗಿತ್ತು. ಹಿಂಗೆ ಮೈಕಲ್ಲಿ ಹೇಳ್ತಾರಾ?”

ಲತಾ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. “ಬೀಗ್ರೇ, ಕೂತ್ಕಳಿ, ನಿಮ್ ದಮ್ಮಯ್ಯ. ನಮ್ಮತ್ತಿಗೆ ಹಾಡಿದ್ದು ಕಣ್ರೀ!”

“ಇದು ಹಾಡಾ?”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಅದೇ ಹೆಚ್ಚು ನೋಯಿಸಿತು.

ಅತ್ತ ಮದುಮಗ ಪೆಚ್ಚಾಗಿ ಕಾವ್ಯಳನ್ನು ಕೇಳುತ್ತಿದ್ದ. “ನಿಂಗೆ ಇಷ್ಟ ಇಲ್ವಾ?”

“ಅಯ್ಯೋ, ಇಲ್ಲ ಕಣ್ರೀ!” ಎಂದಳು ಆ ಹುಡುಗಿ ಗಾಬರಿಯಲ್ಲಿ.

ಹಿಂದಿನ ಸಾಲಿನಲ್ಲಿ ಯಾರೋ “ಇಲ್ಲ ಅಂತಂತೆ” ಎಂದು ಸುದ್ದಿ ದಾಟಿಸಿದರು. ಗಂಡಿನ ಕಡೆಯವರೊಬ್ಬರು ಬಸ್ಸಿನ ಡ್ರೈವರನ್ನು ಹುಡುಕತೊಡಗಿದರು. ನಾನು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ.

“ಉಪ್ಪಿಟ್ಟು! ಬೇಡ ಅಂದಿದ್ದು ಉಪ್ಪಿಟ್ಟು! ಕೊನೇ ಸಾಲಲ್ಲಿ ಬರುತ್ತೆ!”

ಆಗ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅಡುಗೆಭಟ್ಟರು ಪ್ರತ್ಯಕ್ಷರಾದರು. “ಈಗ ಹೇಳಿದ್ರೆ ಹೆಂಗಮ್ಮ? ಬೆಳಗಿನ ತಿಂಡಿಗೆ ರವೆ ಹುರಿದಿಟ್ಟಾಯ್ತು!”

ಮೊದಲು ಬೀಗರ ಮೀಸೆ ಅದುರಿತು. ಆಮೇಲೆ ಹೊಟ್ಟೆ. ಅವರು ನಕ್ಕರೆಂದು ಅವರ ಕಡೆಯವರು ನಕ್ಕರು, ಅವರು ನಕ್ಕರೆಂಬ ಧೈರ್ಯದ ಮೇಲೆ ನಮ್ಮವರೂ ನಕ್ಕರು. ಎಲ್ಲರೂ ಕೂತರು. ಮದುವೆ ನಿಲ್ಲಲಿಲ್ಲ. ನಿಂತದ್ದು ನನ್ನ ಕಾರ್ಯಕ್ರಮ.

ಮಂಟಪವೆಲ್ಲ ಊಟಕ್ಕೆ ಹೋದ ಮೇಲೆ ನಾನು ಹೆಣ್ಣಿನವರ ಕೋಣೆಯಲ್ಲಿ ಸೂಟ್‌ಕೇಸುಗಳ ನಡುವೆ ಗಿಟಾರು ಮಡಿಲಲ್ಲಿಟ್ಟುಕೊಂಡು ಕೂತೆ. ನಕ್ಕರಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ನನಗೆ ಬೇಕಾಗಿದ್ದು ನಗುವಲ್ಲ. ಒಂದೇ ಒಂದು ಗಂಟಲು ತಿರುಗಿ ಕೂಗಿದ್ದರೆ ಸಾಕಿತ್ತು.

ಅತ್ತೆ ಬಂದರು. “ಉಂಡ್ಯೇನಮ್ಮ?”

“ಹಸಿವಿಲ್ಲ ಅತ್ತೆ.”

ಅವರು ಮಂಡಿ ನೀವಿಕೊಳ್ಳುತ್ತಾ ಪಕ್ಕದಲ್ಲಿ ಕೂತರು. “ಅಲ್ಲ ಗಿರ್ಜಾ, ಒಂದು ಉಪ್ಪಿಟ್ಟಿನ್ ಮ್ಯಾಲೆ ಅಷ್ಟೊಂದು ಸಿಟ್ಟಾ?”

“ಸಿಟ್ಟಲ್ಲ ಅತ್ತೆ. ಆಗ ನಾನು ಕೂಗಿದ್ರೆ ಅವ್ರೂ ಕೂಗೋರು. ಅದು ಬೇಕಾಗಿತ್ತು.”

ಅತ್ತೆ ಗಿಟಾರಿನ ತಂತಿಯೊಂದನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ, “ನಂಗೂ ಹಂಗೇ ಕಣಮ್ಮ” ಎಂದರು. “ನೊಣವಿನಕೆರೆಲಿ, ನಮ್ಮಪ್ಪನ ಗದ್ದೇಲಿ ನಾಟಿ ಆಗೋವಾಗ ಪದ ಎತ್ತಿಕೊಡ್ತಿದ್ದೋಳು ನಾನೇಯ. ನಾನೊಂದು ಸಾಲು ಹೇಳಿದ್ರೆ, ಬಗ್ಗಿದ ಹೆಂಗಸರೆಲ್ಲ ಹಿಂದೆ ಸೊಲ್ಲು ಹೇಳೋರು. ಕೆರೆ ಏರಿ ಆಚೆಗಂಟ ಕೇಳೋದು. ಈಗ ಪದ ಎಲ್ಲಾ ನೆಪ್ಪದೆ. ಸೊಲ್ಲು ಹೇಳೋರಿಲ್ಲ.”

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೆವು. ಅವರು ಹಾಡುತ್ತಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ.

“ಹೇಳಿ ಅತ್ತೆ” ಎಂದೆ. “ನಾನು ಸೊಲ್ಲು ಹೇಳ್ತೀನಿ.”

ಅವರು ನಾಚಿಕೊಂಡರು. ಬಾಗಿಲ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ನಾನು ಎಂದೂ ಕೇಳದ ಒಂದು ಎಳೆಯ ದನಿಯಲ್ಲಿ ಮೊದಲ ಸಾಲು ಎತ್ತಿಕೊಂಡರು. ನನ್ನ ಮೈ ಜುಮ್ಮೆಂದಿತು. ಅವರು ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತಾ ಕಾದರು. ನಾನು ಎದೆ ತುಂಬಾ ಉಸಿರೆಳೆದುಕೊಂಡು, ನನಗೆ ತಿಳಿದ ಏಕೈಕ ರೀತಿಯಲ್ಲಿ ಸೊಲ್ಲು ಹೇಳಿದೆ.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

“ಸಾಕು ಬುಡು ತಾಯಿ! ಬೀಗರು ಈಗಿನ್ನ ಎಲೆ ಮುಂದೆ ಕೂತವ್ರೆ, ಮತ್ತೆ ಎದ್ ಬಂದಾರು!”