ಗುಂಡವ್ವನ ಗಂಟಲಿನ ಮೋಜಣಿ

ವಿಕಿರಣವು ಗಡ್ಡೆಯ ಗಡಿ ಮೀರಿ ಕೂದಲೆಳೆಯಷ್ಟೂ ಹೋಗಬಾರದೆಂಬುದು ಭೀಮಾತೀರ ಕ್ಯಾನ್ಸರ್ ಚಿಕಿತ್ಸಾ ಕೇಂದ್ರದ ನಿಯಮ. ಗಡಿ ಎಂದಮೇಲೆ ಅದನ್ನು ಸರ್ವೇಯರನೇ ಗುರುತಿಸತಕ್ಕದ್ದು ಎಂಬ ಉಪನಿಯಮವನ್ನು ಆಡಳಿತಾಧಿಕಾರಿ ಸಿದ್ದಾರೂಢ ಸೇರಿಸಿದ್ದರು.

ಹೊರ್ತಿಯ ಗುಂಡವ್ವ ಇಂಡಿ ಪೇಟೆಯಲ್ಲಿ ನಿಂಬೆಹಣ್ಣಿನ ಹರಾಜಿನ ಸವಾಲು ಕೂಗುವವಳು. ದನಿ ಕುಸಿಯುತ್ತ ಬಂದಾಗ ಈ ಕೇಂದ್ರಕ್ಕೆ ಬಂದು ತೋರಿಸಿಕೊಂಡಳು. ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಡ್ಡೆ. ಡಾಕ್ಟರ್ ರಾಜೇಶ್ವರಿ ಸ್ಕ್ಯಾನ್ ಮಾಡಿಸಿ, ಅವಳ ಮುಖಕ್ಕೆ ಬಿಗಿಯಾಗಿ ಕೂರುವ ಜಾಳಿಗೆಯ ಮುಖವಾಡ ತಯಾರಿಸಿದರು.

"ಇದನ್ನ ಹಾಕ್ಕೊಂಡು ಅಲುಗಾಡದಂಗ ಮಲಗಬೇಕ್ರಿ. ಮಷೀನು ಸುತ್ತ ತಿರಗಿ ಗಡ್ಡಿಗಷ್ಟ ಗುರಿ ಇಡತೈತಿ. ಬೆನ್ನಹುರಿಗೆ ತಾಕದಂಗ ಕಾಯತೈತಿ."

"ದನಿ ಬರತೈತೇನ್ರಿ?"

"ತಡಾ ಮಾಡದಿದ್ರ ಬರೂ ಭರೋಸ ಐತಿ."

ಅಷ್ಟರಲ್ಲಿ ಸರ್ವೇಯರ್ ಮಾಳಿಂಗರಾಯ ಮೋಜಣಿಯ ಅಳತೆ ಸರಪಳಿ ಸಮೇತ ಹಾಜರಾಗಿ ಚಕ್ಕುಬಂದಿ ಬರೆದುಕೊಂಡ: ಪೂರ್ವಕ್ಕೆ ಅನ್ನನಾಳ, ಪಶ್ಚಿಮಕ್ಕೆ ಗಂಟಲಿನ ಚರ್ಮ. ಗುಂಡವ್ವ ಕೆಮ್ಮಲು ಆಚೆ ಹೊರಳಿದಳು. ದಿಕ್ಕು ಬದಲಾದ್ದರಿಂದ ಅಳತೆ ರದ್ದಾಯಿತು. ಮುಂದಿನ ಆದೇಶದವರೆಗೆ ರೋಗಿಗಳು ಕೆಮ್ಮತಕ್ಕದ್ದಲ್ಲ ಎಂದು ಪ್ರಕಟಣೆ ಹೊರಟಿತು.

ಗಡ್ಡೆಯನ್ನು ಒತ್ತುವರಿ ಎಂದು ಘೋಷಿಸಿ, ಚಿಕಿತ್ಸೆಯ ಅರ್ಜಿ ಮಂಜೂರಾಗಲು ಅಕ್ಕಪಕ್ಕದವರ ಒಪ್ಪಿಗೆ ಕೇಳಲಾಯಿತು.

"ಬೆನ್ನಹುರಿ ಯಾರ ಹೆಸರಲೆ ಐತಿ?" ಎಂದ ಮಾಳಿಂಗರಾಯ.

"ನಂದ ಐತ್ರಿ."

"ಅನ್ನನಾಳ?"

"ಅದೂ ನಂದ."

"ಒಬ್ಬಾಕಿ ಹೆಸರಲೆ ಇಷ್ಟೆಲ್ಲಾ ಇದ್ರ ಭೂಮಿತಿ ಕಾಯಿದೆ ನೋಡಬೇಕಾಗತೈತಿ."

ಕಾಯಿದೆ ನೋಡುತ್ತಿರುವಾಗ ಗುಂಡವ್ವನ ದನಿ ಪಿಸುಮಾತಿಗೆ ಇಳಿಯಿತು. ಮನೆಯವರನ್ನು ಕರೆಯಲು ಅವಳು ಚಪ್ಪಾಳೆ ತಟ್ಟತೊಡಗಿದಳು. ಅದನ್ನು ಕಂಡ ರಾಜೇಶ್ವರಿ ನೇರ ಸಿದ್ದಾರೂಢರ ಕೋಣೆಗೆ ಹೋದರು.

"ಸಾಹೇಬ್ರ, ಚಿಕಿತ್ಸಾ ಬ್ಯಾಡ ಬಿಡ್ರಿ. ಕಿರಣ ಬಿಟ್ಟು ಅಳತಿ ಅಷ್ಟ ಮಾಡ್ತೇನಿ."

"ಅಳತಿಗೆ ಮಂಜೂರಾತಿ ಬೇಕಿಲ್ಲ. ಮಾಡ್ರಿ," ಎಂದರು ಸಿದ್ದಾರೂಢ, ಸಮಾಧಾನದಿಂದ.

ಮರುದಿನದಿಂದಲೇ ಅಳತೆ ಶುರುವಾಯಿತು. ವಾರಗಟ್ಟಲೆ ಗುಂಡವ್ವ ಮುಖವಾಡದೊಳಗೆ ಮಿಸುಕದೆ ಮಲಗಿದಳು. ಅವಳ ಸುತ್ತ ಯಂತ್ರ ತಿರುಗಿ ಕಿರಣ ಬಿಡುತ್ತಿತ್ತು. ದಪ್ಪ ಗೋಡೆಯಾಚೆ ಮಾಳಿಂಗರಾಯ ಸರಪಳಿ ಹಿಡಿದು ನಿಂತ. ಗಂಟಲು ಉರಿದು, ಗಂಜಿ ನುಂಗುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಉರಿ ಆರಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರೆ ಗಡ್ಡೆಯೇ ಇರಲಿಲ್ಲ.

ಕಚೇರಿ ಗಂಭೀರವಾಯಿತು. ಸ್ಥಳ ಪರಿಶೀಲನೆ ನಡೆದು ಆದೇಶ ಹೊರಬಿತ್ತು: "ಸದರಿ ಗಡ್ಡೆಯು ಸ್ಥಳದಲ್ಲಿ ಹಾಜರಿಲ್ಲದ ಕಾರಣ ಚಿಕಿತ್ಸೆಯ ಅರ್ಜಿಯನ್ನು ತಿರಸ್ಕರಿಸಲಾಗಿದೆ."

"ಭಾಳ ಚಲೋ ಆತ್ರಿ," ಎಂದಳು ಗುಂಡವ್ವ. ಹೊರಗಿನ ಬಸ್ ನಿಲ್ದಾಣದವರೆಗೆ ಕೇಳಿಸಿತು.

ಈಗ ಸುತ್ತಲಿನ ನಾಲ್ಕೂ ತಾಲೂಕಿನಿಂದ ಜನ ಮೋಜಣಿ ಮಾಡಿಸಿಕೊಳ್ಳಲೆಂದೇ ಬರುತ್ತಾರೆ. ಚಿಕಿತ್ಸೆಯನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ಬಾಕಿ ಅರ್ಜಿಯಿಲ್ಲದ ಕೇಂದ್ರವೆಂದು ಸಿದ್ದಾರೂಢರಿಗೆ ಪ್ರಶಸ್ತಿ ಸಿಕ್ಕಿತು. ರಾಜೇಶ್ವರಿಯವರನ್ನು ಉತ್ತಮ ಸರ್ವೇಯರ್ ಎಂದು ಸನ್ಮಾನಿಸಲಾಯಿತು. ಅವರು ಶಾಲು ಮಡಚಿಟ್ಟು ಬೇಗನೆ ಯಂತ್ರದ ಕೋಣೆಗೆ ನಡೆದರು. ಹೂವಿನ ಹಿಪ್ಪರಗಿಯ ರೇವಪ್ಪ ನಾಲಿಗೆಯ ಅಳತೆಗೆ ಬಂದು ಕೂತಿದ್ದ.