ಹತ್ತಬಾರದ ಗುಡ್ಡದ ಯಾತ್ರೆ

ಉಲುರು ಎಂಬ ಗುಡ್ಡದ ಹೆಸರು ಶೇವಂತೆವ್ವನ ಕಿವಿಗೆ ಮೊದಲು ಬಿದ್ದದ್ದು ದೇವರ ಹಿಪ್ಪರಗಿಯ ಸಂತೆಯ ದಿನ, ಅಂಗಳದಾಗ ತೊಗರಿ ಕೇರುತ್ತ ಕೂತಿದ್ದಾಗ. ಮಗಳು ಕಾವೇರಿ ಆಸ್ಟ್ರೇಲಿಯಾದ ಮರುಭೂಮಿಯ ಊರೊಂದರಲ್ಲಿ ನರ್ಸು. ಫೋನಿನೊಳಗೆ ಆಕೆಯ ಬೆನ್ನ ಹಿಂದೆ ಕೆಂಪನೆಯ ಗುಡ್ಡವೊಂದು ಮೆಲುಕು ಹಾಕುತ್ತ ಮಲಗಿದ ಎಮ್ಮೆಯಂತೆ ಕಂಡಿತು.

"ಯವ್ವಾ, ಇದು ಇಲ್ಲಿ ಮೂಲದ ಮಂದಿಗೆ ಭಾಳ ಪವಿತ್ರ ಜಾಗ. ಸಾವಿರಾರು ವರ್ಷದಿಂದ ಅವರೇ ಕಾಯ್ಕೊಂಡು ಬಂದಾರ. ಕಾರಹುಣ್ಣಿವಿ ಆದಮ್ಯಾಲೆ ಬಾ, ಆವಾಗ ಇಲ್ಲಿ ಥಂಡಿ ಇರ್ತೈತಿ. ತೋರಸ್ತೇನಿ."

ಪವಿತ್ರ ಎಂಬ ಶಬ್ದ ಕೇಳಿದ್ದೇ ತಡ, ಶೇವಂತೆವ್ವ ಮೊರ ಕೆಳಗಿಟ್ಟಳು. ಕಾರಣ ಭಕ್ತಿಯಲ್ಲ, ನೆಗೆಣ್ಣಿ. (ಭಕ್ತಿಯೂ ಇತ್ತು, ಹಿಂದಿನ ಸಾಲಿನಲ್ಲಿ ಕೂತಿತ್ತು.) ಮೈದುನನ ಹೆಂಡತಿ ಚನ್ನವ್ವ ಹೋದ ವರ್ಷ ಕಾಶಿಗೆ ಹೋಗಿ ಬಂದಿದ್ದಳು. ಕಾಶಿ ಕಂಡು ಬಂದವರ ಕಾಲಿಗೆ ಬೀಳುವುದು ರೂಢಿ. ಅಲ್ಲಿ ಹಿರಿಯರು ಕಿರಿಯರು ಅಂತಿಲ್ಲ. ಹೀಗಾಗಿ ಹಿರಿಸೊಸೆ ಶೇವಂತೆವ್ವ, ತಾನೇ ರೊಟ್ಟಿ ಬಡಿಯಲು ಕಲಿಸಿದ ಕಿರಿಸೊಸೆಯ ಕಾಲಿಗೆ, ನೋಯುವ ಮೊಣಕಾಲು ಹಿಡಿದುಕೊಂಡು ಬಿದ್ದಿದ್ದಳು. ಚನ್ನವ್ವ "ಬ್ಯಾಡ ಬಿಡಕ್ಕಾ" ಅಂದಿದ್ದಳು, ಕಾಲು ಮಾತ್ರ ಹಿಂದಕ್ಕೆ ತೆಗೆದಿರಲಿಲ್ಲ.

ಕಾಶಿಗೆ ರೈಲು ಹೋಗುತ್ತದೆ. ಉಲುರಿಗೆ ಸಮುದ್ರ ದಾಟಬೇಕು. ಯಾವ ಯಾತ್ರೆ ದೊಡ್ಡದು, ಬಂದ ಮೇಲೆ ಯಾರ ಕಾಲಿಗೆ ಯಾರು ಬೀಳಬೇಕು ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕೇ?

ಬಸ್ ಸ್ಟ್ಯಾಂಡಿನಿಂದ ಹಿಟ್ಟಿನ ಗಿರಣಿಯವರೆಗೆ ಸುದ್ದಿಯನ್ನು ಅವಳೇ ಮುಟ್ಟಿಸಿದಳು. ಉಡಿ ತುಂಬಲು ಅಕ್ಕಿ, ಕಾಯಿ, ಖಣ ಕಟ್ಟಿದಳು. ಮೊಣಕಾಲು ಏನೇ ಅನ್ನಲಿ, ತುದಿ ಮುಟ್ಟುತ್ತೇನೆಂದು ಹರಕೆ ಹೊತ್ತಳು. ಆ ಸಂಜೆ ಕಾವೇರಿ ಫೋನಿನಲ್ಲೇ ಆ ಗಂಟನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಗುಡ್ಡ ಹತ್ತೂ ಹಂಗಿಲ್ಲ ಯವ್ವಾ. ಅದು ಅವರ ಹಿರ್ಯಾರ ಜಾಗ."

"ಆತು, ಬುಡಕ ಕಾಯಿ ಒಡೀತೇನಿ."

"ಕಾಯಿ, ಅಕ್ಕಿ ವಿಮಾನ ಇಳಿಯೂದ್ರಾಗ ಕಸ್ಕೋತಾರ."

"ಒಂದು ಸಣ್ಣ ಕಲ್ಲರೆ ತರ್ತೇನಿ, ಜಗಲಿ ಮ್ಯಾಲೆ ಇಡಾಕ."

"ಕಲ್ಲು, ಮಣ್ಣು ಏನೂ ತರೂ ಹಂಗಿಲ್ಲ. ಒಯ್ದವರು ಎಷ್ಟೋ ಮಂದಿ ತಪ್ಪಾತ್ರಿ ಅಂತ ಪೋಸ್ಟಿನಾಗ ತಿರುಗಿ ಕಳಿಸ್ಯಾರ. ಮತ್ತ ಆ ಮೊಣಕಾಲು ಇಟ್ಕೊಂಡು ನಿನ್ನ ಒಬ್ಬಾಕಿನ್ನ ವಿಮಾನ ಹತ್ಸಂಗಿಲ್ಲ ನಾ. ಚಿಗವ್ವನ್ನ ಕರ್ಕೊಂಡು ಬಾ. ಆಕಿ ಕಡೆನೂ ಪಾಸ್‌ಪೋರ್ಟ್ ಐತಿ."

ಚಿಗವ್ವ ಅಂದರೆ ಇದೇ ಚನ್ನವ್ವ. (ನೇಪಾಳಕ್ಕೆ ಹೋಗಲೆಂದು ಮಾಡಿಸಿದ ಪಾಸ್‌ಪೋರ್ಟು, ಅಲ್ಲಿಗೆ ಅದು ಬೇಕೇ ಇಲ್ಲವೆಂದು ಆಮೇಲೆ ತಿಳಿಯಿತು.) ಶೇವಂತೆವ್ವ ಊಟ ಬಿಟ್ಟು ಮಲಗಿದಳು. ಚಹಾ, ಚುರಮುರಿ ಲೆಕ್ಕಕ್ಕಿಲ್ಲ. ಆದರೆ ಡಂಗುರ ಸಾರಿದ ಬಾಯಿ. ಹೋಗದಿದ್ದರೆ ಊರಾಗ ತಲೆ ಎತ್ತುವುದು ಹ್ಯಾಂಗ? ಕಡೆಗೆ ನೆಗೆಣ್ಣಿಯ ಪಡಸಾಲೆಗೆ ಹೋಗಿ ಕೂತಳು.

ಚನ್ನವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಎಲ್ಲ ಕೇಳಿದಳು. "ಹತ್ತೂದಿಲ್ಲ, ತೀರ್ಥಿಲ್ಲ, ಪ್ರಸಾದಿಲ್ಲ. ಕೈ ಬೀಸ್ಕೊಂತ ಹೋಗಿ ಕೈ ಬೀಸ್ಕೊಂತ ಬರೂ ಕ್ಷೇತ್ರ ಅದೆಂಥಾದ್ದಕ್ಕಾ?"

ಅದೇ ಮಾತನ್ನು ತಾನೂ ಗೊಣಗಿಕೊಂಡಿದ್ದ ಶೇವಂತೆವ್ವನಿಗೆ, ಇನ್ನೊಬ್ಬಳ ಬಾಯಲ್ಲಿ ಕೇಳಿದಾಗ ಯಾಕೋ ಸಿಟ್ಟು ಬಂತು.

"ಹೊಲದಾಗ ನಮ್ಮ ಮಾವನ್ನ ಮಣ್ಣು ಮಾಡಿದ ಗದ್ದಿಗಿ ಐತಿ. ಯಾವನರೆ ಬಂದು, ಅದರ ಮ್ಯಾಲೆ ಹತ್ತಿ ನಿಂತು ಫೋಟೋ ಹೊಡಸ್ಕೊಂಡು, ಹೋಗೂಮುಂದ ಒಂದು ಇಟ್ಟಂಗಿ ಕಿತ್ಕೊಂಡು ಹೋದ್ರ ಏನ್ಮಾಡ್ತಿ?"

"ಕಾಲು ಮುರೀತೇನಿ."

"ಆ ಗುಡ್ಡದ ಮಂದಿ ಪಾಪ, ಬ್ಯಾಡ್ರೆಪಾ ಅಂತ ಬೋರ್ಡ್ ಹಾಕ್ಯಾರ, ಅಷ್ಟ."

ಚನ್ನವ್ವನ ಕೈ ನಿಂತಿತು. "ದೊಡ್ಡ ಮನಸ್ಸಿನ ಮಂದಿ" ಅಂದಳು. ಮೆಣಸಿನಕಾಯಿ ಬದಿಗೆ ಸರಿಸಿ, "ಬರ್ತೇನಿ ತಗೋ. ಇಬ್ರೂ ದೂರದಿಂದ ಕೈಮುಗದು ಬರೂಣು."

ಶೇವಂತೆವ್ವನ ಕಣ್ಣು ತುಂಬಿದವು. (ಮೆಣಸಿನಕಾಯಿಯ ಘಾಟು ಅಂತ ಹೇಳಿಕೊಂಡಳು.) ಗೋಡೆ ಹಿಡಿದು ಎದ್ದು ಹೊಸ್ತಿಲು ದಾಟುವಾಗ ಚನ್ನವ್ವ ಕೈಹಿಡಿದು ನಿಲ್ಲಿಸಿದಳು.

"ಅಕ್ಕಾ, ಒಂದು ಮಾತು ನಡಸಿಕೊಡು."

"ಹೇಳಬೇ, ಏನು ಬೇಕು?"

"ಊರಾಗ ಯಾರರೆ ಕೇಳಿದ್ರ, ಚನ್ನವ್ವ ನನ್ನ ಕರ್ಕೊಂಡು ಹೊಂಟಾಳ ಅಂತ ಹೇಳು."