ದಿಕ್ಕಿಲ್ಲದ ದೊಡ್ಡವ್ವನಿಗೆ ಇಬ್ಬರು ವಾರಸುದಾರರು

ಸರ್ಕಾರದವರು ಬಡವರಿಗೆ ಏನು ಬೇಕಾದರೂ ಕೊಡಲಿ, ನನ್ನ ತಕರಾರಿಲ್ಲ. ಬಾವಿ ತೋಡಿಸಲಿ, ಸ್ಕೂಲು ಕಟ್ಟಿಸಲಿ, ಗೊಬ್ಬರ ಹಂಚಲಿ. ರೊಕ್ಕವನ್ನು ಮಾತ್ರ ನೆಟ್ಟಗೆ ಮುದುಕಿಯರ ಕೈಗೆ ಕೊಡಬಾರದು. ಕೊಟ್ಟರೆ ಸಂಸಾರದ ಗತಿ ಏನಾಗುತ್ತದೆ ಎಂಬುದಕ್ಕೆ ಕುಕ್ಕುವಾಡದ ಉಚ್ಚೆಂಗಪ್ಪನಾದ ನಾನೇ ಜೀವಂತ ಸಾಕ್ಷಿ. (‘ಜೀವಂತ’ ಎಂಬ ಮಾತನ್ನು ನನ್ನ ಹೆಂಡತಿ ಹೊನ್ನಕ್ಕ ಒಪ್ಪುವುದಿಲ್ಲ. ಹೊಲದ ಕಡೆ ನಾನು ಎದ್ದು ಹೋದದ್ದನ್ನು ಅವಳು ನೋಡಿಯೇ ಇಲ್ಲವಂತೆ.)

ಓಬವ್ವ ತೀರಿಹೋದ ನಮ್ಮ ದೊಡ್ಡಪ್ಪನ ಹೆಂಡತಿ. ಮಕ್ಕಳಿಲ್ಲ. ನಾನೂ ನನ್ನ ತಮ್ಮ ಕೆಂಚಣ್ಣನೂ ಬೇರೆಯಾದಾಗ ಹೊಲ ಹಂಚಿಕೊಂಡೆವು, ಎತ್ತು ಹಂಚಿಕೊಂಡೆವು. ಕೊನೆಗೆ ಒಂದು ಬೀಸುವ ಕಲ್ಲು, ಒಬ್ಬ ದೊಡ್ಡವ್ವ ಉಳಿದರು. ಬೀಸುವ ಕಲ್ಲಿಗಾಗಿ ಹೆಂಗಸರು ಕೈಕೈ ಮಿಲಾಯಿಸಿದರು. ದೊಡ್ಡವ್ವನಿಗಾಗಿ ಯಾರೂ ಬಾಯಿ ಬಿಡಲಿಲ್ಲ. ಪಂಚರೇ ಯೋಚಿಸಿ, ಯುಗಾದಿಯಿಂದ ದೀಪಾವಳಿವರೆಗೆ ನನ್ನ ಪಾಳಿ, ದೀಪಾವಳಿಯಿಂದ ಯುಗಾದಿವರೆಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಕೆಂಚಣ್ಣನ ಪಾಳಿ ಎಂದು ಫೈಸಲ್ ಮಾಡಿದರು.

ಅಂದಿನಿಂದ ನಮ್ಮಷ್ಟು ಭಕ್ತಿಯಿಂದ ಪಂಚಾಂಗ ನೋಡುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಬೇವು ಹೂ ಬಿಡುವ ಮೊದಲೇ ಕೆಂಚಣ್ಣ ಅವಳನ್ನು ಬಸ್ಸು ಹತ್ತಿಸಿಬಿಡುತ್ತಿದ್ದ. ನಾನೂ ಬಿಡಲಿಲ್ಲ. ಬನ್ನಿ ಮುಡಿದ ಮರುದಿನವೇ ದೊಡ್ಡವ್ವನ ಗಂಟು ಕಟ್ಟಿಸಿ, ‘ದಸರಾಕ್ಕೂ ದೀಪಾವಳಿಗೂ ಏನ್ ಮಹಾ ದೂರ’ ಎನ್ನುತ್ತ ಹರಿಹರಕ್ಕೆ ರವಾನಿಸುತ್ತಿದ್ದೆ. ನಮ್ಮ ಮನೆಯಲ್ಲಿ ಆಕೆಗೆ ಆಡಿನ ಗೂಟದ ಪಕ್ಕದ ಮೂಲೆಯೂ ತಂಗಳ ರೊಟ್ಟಿಯೂ ನಿಗದಿಯಾಗಿದ್ದವು. ಹರಿಹರದಲ್ಲಿ ಆಡು ಇರಲಿಲ್ಲ, ಮಿಕ್ಕಂತೆ ಎಲ್ಲವೂ ಅದೇ.

ಹೀಗಿರುವಾಗ ಶಾನುಭೋಗರು ಒಂದು ಶುಭ ಸಮಾಚಾರ ತಂದರು. ದಿಕ್ಕಿಲ್ಲದ ವೃದ್ಧರಿಗೆ ಸರ್ಕಾರ ತಿಂಗಳು ತಿಂಗಳೂ ವೇತನ ಕೊಡುತ್ತದಂತೆ.

“ಆದ್ರೆ ನೋಡಿಕೊಳ್ಳೋರು ಅಂತ ಯಾರೂ ಇರಬಾರದು, ಉಚ್ಚೆಂಗಪ್ಪ.”

“ಯಾರಿದಾರ್ರಿ ಆಕಿಗೆ? ಒಂದು ನರಪಿಳ್ಳೆ ಇಲ್ಲ!” ಎಂದೆ. ಕೆಂಚಣ್ಣನೂ ಕಾರ್ಖಾನೆಗೆ ರಜೆ ಹಾಕಿ ಓಡಿ ಬಂದು, “ಪಾಪ, ಅನಾಥೆ ಸಾ” ಎಂದು ಕಣ್ಣೊರೆಸಿಕೊಂಡ. ಬೇರೆಯಾದ ಮೇಲೆ ನಾವಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು. ದೊಡ್ಡವ್ವ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಒಂದು ಚಿಟಿಕೆ ನಸ್ಯ ಏರಿಸಿದಳು.

ರೊಕ್ಕ ನನ್ನ ಕೈಗೆ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಬಂದದ್ದು ಮನಿಯಾರ್ಡರು. ಪೋಸ್ಟ್‌ಮನ್ ಹಯಾತ್ ಸಾಬ್ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ನಾನು ಚಾಚಿದ ಕೈಯನ್ನು ದಾಟಿ, ಆಡಿನ ಗೂಟದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

“ಓಬವ್ವಾರೆ, ಹೆಬ್ಬೆಟ್ಟು ಒತ್ರಿ.”

“ನಾನು ಮನೆ ಯಜಮಾನ ಕಣಯ್ಯ!” ಎಂದೆ.

“ಹೌದ್ರಿ ಗೌಡ್ರೆ, ಅದ್ರಾಗೆ ಶಕ್ ಇಲ್ಲ. ಆದ್ರೆ ಹೆಬ್ಬೆಟ್ಟು ಯಾರದೋ ರೊಕ್ಕ ಅವರದು.”

ಗರಿಗರಿ ನೋಟು ದೊಡ್ಡವ್ವನ ಎಲೆಅಡಿಕೆ ಚೀಲ ಸೇರಿತು. ಚೀಲ ಸೊಂಟ ಸೇರಿತು. ಅಲ್ಲಿಗೆ ನಮ್ಮ ಮನೆಯಲ್ಲಿ ರಾಜ್ಯಭಾರ ಬದಲಾಯಿತು.

ಮರುದಿನ ಬೆಳಿಗ್ಗೆ ದೊಡ್ಡವ್ವನಿಗೆ ಬಿಸಿನೀರು ಕಾದಿತ್ತು. ಇನ್ನೊಂದು ವಾರಕ್ಕೆ ನನ್ನ ಹಗ್ಗದ ಮಂಚ ಪಡಸಾಲೆಗೆ ಬಂದು ಅವಳ ಕೆಳಗೆ ನಿಂತಿತು. ನಿನ್ನೆ ಮೊನ್ನೆಯವರೆಗೆ ‘ಆ ಮುದುಕಿ’ ಎನ್ನುತ್ತಿದ್ದ ಹೊನ್ನಕ್ಕನ ಬಾಯಲ್ಲಿ ‘ಅತ್ತೇರು’ ಎಂಬ ಶಬ್ದ ಅವತರಿಸಿತು. ಮೊದಲು ನಸ್ಯಕ್ಕೆ ಕಾಸು ಕೊಡಪ್ಪ ಎಂದು ದೊಡ್ಡವ್ವ ನನ್ನ ಹಿಂದೆ ತಿರುಗುತ್ತಿದ್ದಳು. ಈಗ ಬೀಡಿಗೆ ಕಾಸು ಕೊಡು ದೊಡ್ಡವ್ವ ಎಂದು ನಾನು ಮಂಚದ ಕಾಲು ಹಿಡಿದು ನಿಲ್ಲುತ್ತಿದ್ದೆ. ಅವಳು ಕೊಡುತ್ತಿದ್ದಳು, ಇಲ್ಲವೆನ್ನಲಾರೆ. ಆದರೆ ಕೊಡುವ ಮುಂಚೆ, “ಹೊಲಕ್ಕೆ ಹೋಗಿದ್ಯೇನೋ?” ಎಂದು ಕೇಳುತ್ತಿದ್ದಳು. ರೊಕ್ಕ ಕೊಡುವ ಸರ್ಕಾರವೇ ಅವಳನ್ನು ಏನೂ ಕೇಳದಿರುವಾಗ ಇವಳು ನನ್ನನ್ನು ಕೇಳುವುದು ಯಾವ ನ್ಯಾಯ?

ಸುದ್ದಿ ಹರಿಹರಕ್ಕೆ ಮುಟ್ಟಿತು. ಕೆಂಚಣ್ಣನ ಹೆಂಡತಿ ನೀಲಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ದೊಡ್ಡವ್ವನ ಕಾಲು ಒತ್ತಿ ಹೋದಳು. ಹೊನ್ನಕ್ಕ ಸುಮ್ಮನಿರುವವಳೇ? ದಾವಣಗೆರೆ ಸಂತೆಗೆ ನನ್ನನ್ನು ಅಟ್ಟಿ ಬೆಣ್ಣೆ ತರಿಸಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, “ಇನ್ನೊಂದೀಟು ಹಾಕ್ಲೇನ್ರಿ ಅತ್ತೆ?” ಎಂದು ಕೇಳುವ ರಾಗವನ್ನು ನಮ್ಮ ಮದುವೆಯಾದಾಗಿನಿಂದ ನಾನು ಒಮ್ಮೆಯೂ ಕೇಳಿರಲಿಲ್ಲ.

ದಸರೆ ಬಂತು. ಯಾರೂ ಗಂಟು ಕಟ್ಟಲಿಲ್ಲ. ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗಲೇ ಕೆಂಚಣ್ಣ ಬಂದಿಳಿದ. ಬಸ್ಸಿನಿಂದ ಅವನ ಜೊತೆಗೇ ಪ್ಯಾಂಟು ತೊಟ್ಟ, ಕೊಡೆ ಹಿಡಿದ ಒಬ್ಬ ದೊಡ್ಡ ಮನುಷ್ಯರೂ ಇಳಿದು, ನಮ್ಮ ಮನೆ ಯಾವುದೆಂದು ವಿಚಾರಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ನನಗೆ ತಕ್ಷಣ ಹೊಳೆಯಿತು: ಕೆಂಚಣ್ಣ ಪಟ್ಟಣದಿಂದ ನ್ಯಾಯ ಹೇಳುವವರನ್ನು ಕರೆತಂದಿದ್ದಾನೆ! (ಅವರು ನಮ್ಮ ಕಟ್ಟೆಯಲ್ಲಿ ಕೂತದ್ದು ನೋಡಿ ಕೆಂಚಣ್ಣ ಅವರನ್ನು ನನ್ನ ಕಡೆಯವರೆಂದು ತಿಳಿದನಂತೆ. ಇದು ಆಮೇಲೆ ಗೊತ್ತಾಯಿತು.)

“ಬಾ ದೊಡ್ಡವ್ವ, ನನ್ನ ಪಾಳಿ ಬಂತು,” ಎಂದ ಕೆಂಚಣ್ಣ.

“ಹಬ್ಬ ಇನ್ನೂ ಆಗಿಲ್ಲ, ಮುಟ್ಟಬ್ಯಾಡ!”

“ಹೋದ ವರ್ಷ ದಸರಾಕ್ಕೇ ಕಳಿಸಿದ್ಯಲ್ಲ, ಅಣ್ಣ?”

“ಅದು ಹೋದ ವರ್ಷ!”

ಊರು ಸೇರಿತು. ಕೊಡೆಯವರು ಗಂಟಲು ಸರಿಮಾಡಿಕೊಂಡು ಕೇಳಿದರು: “ಜಗಳ ಆಮೇಲೆ ಆಡ್ರಿ. ಈ ಅಜ್ಜೀನ ನೋಡಿಕೊಳ್ಳೋರು ಯಾರು?”

“ನಾನು!” ಎಂದೆವು, ಇಬ್ಬರೂ, ಒಂದೇ ಉಸಿರಿಗೆ.

ಬಾಗಿಲ ಹಿಂದಿನಿಂದ ಹೊನ್ನಕ್ಕ ಕೆಮ್ಮಿದಳು. ಕೆಮ್ಮು ಬಂದಿರಬಹುದು ಎಂದುಕೊಂಡೆ. ಅವಳು ಹಿತ್ತಾಳೆ ತಂಬಿಗೆಯನ್ನೇ ನೆಲಕ್ಕೆ ಕೆಡವಿದಳು.

“ಗಂಡಸರು ಮಾತಾಡುವಾಗ ಸದ್ದು ಮಾಡಬ್ಯಾಡ!” ಎಂದು ಗದರಿಸಿದೆ. ಅಷ್ಟು ಜನರ ಮುಂದೆ ಹೆಂಡತಿಯನ್ನು ಗದರಿಸುವ ಭಾಗ್ಯ ಸಿಕ್ಕುವುದೇ ಅಪರೂಪ. ನನಗೆ ಹುರುಪು ಏರಿತು.

“ಸಾಹೇಬ್ರೆ, ಕೇಳ್ರಿ. ದಿನಾ ಬಿಸಿನೀರಿನ ಸ್ನಾನ. ಬಿಸಿ ರೊಟ್ಟಿಗೆ ಬೆಣ್ಣೆ. ಮಲಗಾಕೆ ನನ್ನ ಸ್ವಂತ ಮಂಚ. ಆಕಿ ನನ್ನ ಹೆತ್ತ ತಾಯಿಗಿಂತ ಹೆಚ್ಚು!”

“ನಮ್ಮ ಮನೆಯಾಗೆ ಗಾದಿ ಐತೆ, ಹತ್ತೀದು,” ಎಂದ ಕೆಂಚಣ್ಣ.

“ಅಮಾಸಿ ಅಮಾಸಿಗೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗ್ತೀನಿ, ಗಾಡಿ ಕಟ್ಟಿಸಿ! ಉಸಿರಿರೋ ತನಕ ನಾನೇ ನೋಡಿಕೊಳ್ತೀನಿ, ಈ ಊರೇ ಸಾಕ್ಷಿ!” ಎಂದು ನಾನು ಬ್ರಹ್ಮಾಸ್ತ್ರ ಬಿಟ್ಟೆ. (ಅಲ್ಲಿಯವರೆಗೆ ಒಮ್ಮೆಯೂ ಕರೆದೊಯ್ದಿರಲಿಲ್ಲ.) ಗೆದ್ದೆ ಎಂದು ಮೀಸೆ ತಿರುವಿದೆ.

ಕೊಡೆಯವರು ಎದ್ದು ನಿಂತರು. “ಭಾಳ ಸಂತೋಷ. ನಾನು ತಾಲ್ಲೂಕು ಕಚೇರಿಯಿಂದ ತನಿಖೆಗೆ ಬಂದವನು. ದಿಕ್ಕಿಲ್ಲ ಅಂತ ಬರೆಸಿದ್ರಿ. ಇಂಥ ಇಬ್ಬರು ಮಕ್ಕಳಿರೋ ತಾಯಿಗೆ ಸರ್ಕಾರದ ರೊಕ್ಕ ಯಾಕ ಬೇಕು? ಮುಂದಿನ ತಿಂಗಳಿಂದ ನಿಲ್ಲುತ್ತೆ.”

ಕಟ್ಟೆಯೇ ನನ್ನ ಕಾಲ ಕೆಳಗಿಂದ ಜಾರಿದಂತಾಯಿತು. ಕೆಂಚಣ್ಣ ಬಿಸಿಲು ನೋಡಿ, “ಶಿಫ್ಟಿಗೆ ಹೊತ್ತಾತು. ಅಣ್ಣ ಇಷ್ಟು ಆಸೆ ಪಡ್ತಾನೆ, ಇಲ್ಲೇ ಇರ್ಲಿ ಬಿಡ್ರಿ,” ಎಂದವನೇ ಬಸ್ಸಿನ ಕಡೆ ನಡೆದ. ನಾನು ದೊಡ್ಡವ್ವನ ಕಡೆ ತಿರುಗಿದೆ. ಪಾಪ, ಮುದುಕಿ ಎದೆಯೊಡೆದು ಅಳುತ್ತಾಳೇನೋ ಎಂದುಕೊಂಡೆ. ಅವಳು ನಸ್ಯ ಏರಿಸುತ್ತಿದ್ದಳು.

“ಹೋದ್ರೆ ಹೋಗ್ಲಿ ಬಿಡಪ್ಪ ರೊಕ್ಕ. ನೀನು ಹೇಳಿದ್ದನ್ನ ಊರೆಲ್ಲ ಕೇಳೈತೆ. ಅಮಾಸಿ ಮುಂದಿನ ವಾರ. ಗಾಡಿಗೆ ಹೇಳಿ ಬಾ ಹೋಗು.”

ಹೇಳಿ ಬಂದೆ. ಇನ್ನೇನು ಮಾಡಲಿ? ಬಿಸಿನೀರು ತಪ್ಪಿದರೆ ನೆರೆಯವರು ಇಣುಕಿ ಕೇಳುತ್ತಾರೆ. ರೊಟ್ಟಿಗೆ ಬೆಣ್ಣೆ ಬಿತ್ತೇ ಎಂದು ಶಾನುಭೋಗರೇ ವಿಚಾರಿಸುತ್ತಾರೆ. ಗಾಡಿ ಬಾಡಿಗೆಗೆ, ಬೆಣ್ಣೆಗೆ ನಾನು ದಿನಾ ಹೊಲಕ್ಕೆ ಹೋಗಬೇಕಾಗಿ ಬಂತು.

“ಒಳಗಿಂದ ಕೆಮ್ಮಿದೆ, ತಂಬಿಗೆ ಕೆಡವಿದೆ. ಆ ಕೊಡೆಯಾತ ಯಾರು ಅಂತ ಹಯಾತಣ್ಣ ಹಿತ್ತಲಿಂದ ಬಂದು ನಂಗೆ ಹೇಳಿದ್ದ,” ಎಂದಳು ಹೊನ್ನಕ್ಕ, ನನ್ನ ತಟ್ಟೆಗೆ ತಂಗಳ ರೊಟ್ಟಿ ಹಾಕುತ್ತ. “ಬೆಣ್ಣೆ ಒಬ್ರಿಗೆ ಆಗುವಷ್ಟೇ ಐತೆ. ಹಂಗೇ ತಿನ್ರಿ.”

ಮಂಚ ದೊಡ್ಡವ್ವನದು, ಪಡಸಾಲೆ ದೊಡ್ಡವ್ವನದು. ನಾನು ಆಡಿನ ಗೂಟದ ಪಕ್ಕ ಕೂತು ಆ ರೊಟ್ಟಿಯನ್ನು ಮುರಿಯುತ್ತಿದ್ದೆ. ಕಾಗದ ಕೊಡಲು ಬಂದ ಹಯಾತ್ ಸಾಬ್‌ನನ್ನು ಕೇಳಿದೆ: “ಹೆಂಡ್ತಿ ಇದ್ದೂ ದಿಕ್ಕಿಲ್ಲದೋರಿಗೆ ಸರ್ಕಾರ ಏನಾದ್ರೂ ಕೊಡ್ತೈತೇನೋ ಮಾರಾಯ?”

“ಕೇಳಿ ನೋಡ್ತೀನ್ರಿ, ಗೌಡ್ರೆ.”

“ಕೇಳಬ್ಯಾಡ ಹಯಾತ,” ಎಂದಳು ದೊಡ್ಡವ್ವ ಮಂಚದ ಮೇಲಿಂದ. “ತನಿಖೆಗೆ ಬಂದ್ರೆ ಕೊಡಲ್ಲ. ಅವನನ್ನ ನೋಡಿಕೊಳ್ಳಾಕೆ ನಾನಿದ್ದೀನಿ.”

ಹಾಗೆಂದು ಕೆಳಗಿಳಿದು ಬಂದು, ತನ್ನ ತಟ್ಟೆಯ ಬೆಣ್ಣೆಯಲ್ಲಿ ಅರ್ಧವನ್ನು ನನ್ನ ರೊಟ್ಟಿಗೆ ಸವರಿದಳು. ಬೆಣ್ಣೆ ಚೆನ್ನಾಗಿಯೇ ಇತ್ತು. ನುಂಗುವುದಕ್ಕೆ ಮಾತ್ರ ನೀರು ಬೇಕಾಯಿತು.